ಸೊಂಟಕ್ಕೆ ಸಿಕ್ಕಿಸಿದ ಕೀ

ವೆಂಕಟಲಕ್ಷ್ಮಿಗೆ ಕಾರು ಓಡಿಸುವ ಲೈಸೆನ್ಸ್ ಇತ್ತು. ಕಾರು ಓಡಿಸಲು ಮಾತ್ರ ಧೈರ್ಯವಿರಲಿಲ್ಲ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಲೈಸೆನ್ಸ್ ಇಲ್ಲದೆ ಧೈರ್ಯದ ಮೇಲೆಯೇ ಓಡಿಸುವ ಗಂಡಸರು ನಂಜನಗೂಡಿನಲ್ಲಿ ಬೀದಿಗೊಬ್ಬರಾದರೂ ಇದ್ದಾರೆ; ಅವರ ಮಧ್ಯೆ ಇಂಥವಳೊಬ್ಬಳು ಇದ್ದರೆ ಲೆಕ್ಕ ಸರಿಹೋಗುತ್ತದೆ. ಆಕೆಯ ಲೈಸೆನ್ಸು ಬ್ಯಾಂಕಿಗೆ, ಸಿಮ್ ಕಾರ್ಡಿನ ಅಂಗಡಿಗೆ, ಗ್ಯಾಸ್ ಏಜೆನ್ಸಿಗೆ ಗುರುತಿನ ಚೀಟಿಯಾಗಿ ಓಡಾಡುತ್ತಿತ್ತು. ರಸ್ತೆಗೆ ಮಾತ್ರ ಇಳಿದಿರಲಿಲ್ಲ.

ಕಲಿಯಲು ಹಚ್ಚಿದವರು ಗಂಡ ರಾಘವೇಂದ್ರ ಆಚಾರ್ಯರೇ. ಪೌರೋಹಿತ್ಯಕ್ಕೆಂದು ಹಳೆಯ ಕಾರೊಂದನ್ನು ಕೊಂಡ ಹೊಸತರಲ್ಲಿ, ನೀನೂ ಕಲಿತುಕೋ ಅಂದಿದ್ದರು. ವೆಂಕಟಲಕ್ಷ್ಮಿ ರಸ್ತೆ ನಿಯಮದ ಪುಸ್ತಕವನ್ನು ಸ್ತೋತ್ರದ ಹಾಗೆ ಬಾಯಿಪಾಠ ಮಾಡಿದಳು. ಆರ್‌ಟಿಒ ಆಫೀಸಿನಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ಕೇಳದಿದ್ದ ಒಂದೆರಡಕ್ಕೂ ಹೇಳಿ, ಲೈಸೆನ್ಸ್ ತಂದಳು. ತಂದ ವಾರದಲ್ಲೇ ಬಜಾರಿನಲ್ಲಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿ, ರಸಬಾಳೆಯ ತಳ್ಳುಗಾಡಿಯೊಂದನ್ನು ಮಗುಚಿಹಾಕಿದಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬೀದಿ ತುಂಬ ಬಾಳೆಹಣ್ಣು, ಬಾಳೆಹಣ್ಣಿನ ಸುತ್ತ ನಗುವ ಜನ. ಆಚಾರ್ಯರೂ ನಕ್ಕರು. "ನೀನು ಪುಸ್ತಕದ ಬದನೆಕಾಯಿ ಕಣೇ ಲಕ್ಷ್ಮೀ" ಅಂದು, ಕೀ ಕಿತ್ತುಕೊಂಡು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವತ್ತು ಅಲ್ಲಿಗೆ ಸೇರಿದ ಕೀ ಮತ್ತೆ ಬೇರೆಯವರ ಕೈಗೆ ಹೋಗಲಿಲ್ಲ. ಊಟಕ್ಕೆ ಕೂತರೂ ಸೊಂಟದಲ್ಲೇ, ಹೋಮಕ್ಕೆ ಕೂತರೂ ಸೊಂಟದಲ್ಲೇ.

ಇಷ್ಟೇ ಆಗಿದ್ದರೆ ಹಾಸ್ಯದ ಮಾತಾಗಿ ಉಳಿಯುತ್ತಿತ್ತು. ಆದರೆ ಆಚಾರ್ಯರಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಮೈಸೂರಿನ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಬಲಗಣ್ಣು ಅರ್ಧಕ್ಕರ್ಧ ಹೋಗಿದೆ, ಎಡಗಣ್ಣೂ ಮಂಜಾಗ್ತಿದೆ, ಇನ್ನು ಗಾಡಿ ಮುಟ್ಟಬೇಡಿ" ಅಂದರು. ಆಚಾರ್ಯರು ತಲೆಯಾಡಿಸಿದರು, ಹೊರಗೆ ಬಂದರು, ಗಾಡಿ ಸ್ಟಾರ್ಟ್ ಮಾಡಿದರು. ಮನೆಗೆ ಬರುವವರೆಗೂ ವೆಂಕಟಲಕ್ಷ್ಮಿಗೆ ಬಾಯಿ ಒಣಗಿಹೋಗಿತ್ತು.

ಅವರ ಕಷ್ಟವೂ ಕಷ್ಟವೇ. ನಂಜನಗೂಡಿನಿಂದ ತಿ. ನರಸೀಪುರದವರೆಗೆ ಅವರನ್ನೇ ನಂಬಿದ ಮನೆಗಳು ಊರೂರಲ್ಲೂ ಇವೆ. ಮುಹೂರ್ತ ಬೆಳಗಿನ ಜಾವಕ್ಕಿರುತ್ತದೆ, ಬಸ್ಸು ಬಿಸಿಲೇರಿದ ಮೇಲೆ ಬರುತ್ತದೆ. ಡ್ರೈವರ್ ಇಟ್ಟುಕೊಳ್ಳಿ ಅಂದರೆ, "ಕಂಡವರ ಕೈಗೆ ಜೀವ ಕೊಡಲಾ? ಈ ರಸ್ತೆ ನನಗೆ ಮಂತ್ರ ಇದ್ದ ಹಾಗೆ, ಕಣ್ಣು ಮುಚ್ಚಿಕೊಂಡು ಹೇಳ್ತೀನಿ" ಅನ್ನುವರು. ಮಂತ್ರದಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ.

ಹಾಗಾಗಿ ಗಂಡ ಹೆಂಡಿರ ನಡುವೆ ಮಾತಿಲ್ಲದೆ ಒಂದು ಏರ್ಪಾಡಾಯಿತು. ಕೈಕಾಲು ಅವರವು, ಕಣ್ಣು ಇವಳದು. "ಎಡಗಡೆ ಎಮ್ಮೆ." "ಮುಂದೆ ಹಂಪ್." "ಸೈಕಲ್, ಸೈಕಲ್, ಬಲಕ್ಕೆ ತಗೊಳ್ಳಿ." "ಬಸ್ಸು ಬರ್ತಿದೆ, ನಿಧಾನ ರೀ." ಹಿಂದಿನ ಸೀಟಿನಲ್ಲಿ ಎಂದಾದರೂ ಕೂತವರು, ಆಚಾರ್ಯರ ಹೆಂಡತಿಯಂಥ ಬಾಯಿಬಡುಕಿಯನ್ನು ಕಾಣೆವಪ್ಪ ಅಂದುಕೊಂಡು ಇಳಿಯುತ್ತಿದ್ದರು. ಗಂಡನ ಕಣ್ಣು ಹೋಗಿದೆ ಅನ್ನಿಸಿಕೊಳ್ಳುವುದಕ್ಕಿಂತ ತನ್ನ ಬಾಯಿ ದೊಡ್ಡದು ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವಳು ಸುಮ್ಮನಿದ್ದಳು. ಮುಹೂರ್ತ ಬಂತೆಂದರೆ ಮಾತ್ರ ಹಿಂದಿನ ದಿನದಿಂದಲೇ ಅವಳ ಎದೆ ಡವಡವ. ತಾನೊಮ್ಮೆ ರೆಪ್ಪೆ ಮುಚ್ಚಿದರೆ ಯಾರದೋ ಮನೆಯ ಮಗು ಚಕ್ರದಡಿ ಬಂದುಬಿಡುತ್ತದೆ ಎಂಬ ಭಯ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂರುವುದು ಅಂತಾರಲ್ಲ, ಹಾಗೆ ಕೂರುತ್ತಿದ್ದಳು. "ಇನ್ನಾದರೂ ಬಿಟ್ಬಿಡಿ ರೀ" ಎಂದು ಎಷ್ಟೋ ಸಲ ಅಂದಳು. ಆಚಾರ್ಯರ ಕೈ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿತ್ತು.

ಅಂತೂ ಒಂದು ದಿನ ಕಾರಿಗೇ ಬೇಸರ ಬಂತು.

ಅವತ್ತು ತಿ. ನರಸೀಪುರದಲ್ಲಿ ಪಲ್ಲವಿ ಎಂಬ ಹುಡುಗಿಯ ಮನೆಯ ಗೃಹಪ್ರವೇಶ. ತಾಂಡ್ಯದ ಫ್ಯಾಕ್ಟರಿಯಲ್ಲಿ ದುಡಿದು ತಾನೇ ಕಟ್ಟಿಸಿದ ಮನೆ. ಹೋಮ ಮುಗಿದು, ಊಟ ಮುಗಿದು, ವೆಂಕಟಲಕ್ಷ್ಮಿಗೆ ಬಾಗಿನ, ಕೆಂಪು ರವಿಕೆ ಕಣ ಎಲ್ಲ ಕೊಟ್ಟು ಕಳಿಸಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ನಂಜನಗೂಡಿನ ಕಡೆ ಬರುತ್ತಿರುವಾಗ ಕಾರು ಎರಡು ಸಲ ಕೆಮ್ಮಿ, ಹೊಂಗೆ ಮರವೊಂದರ ನೆರಳಿಗೆ ಬಂದು ನಿಂತಿತು. ಬ್ಯಾಟರಿ ಪೂರಾ ಸತ್ತಿತ್ತು. ಲೈಟಿಲ್ಲ, ಹಾರನ್ನಿಲ್ಲ.

ಆಚಾರ್ಯರು ನಂಜನಗೂಡಿನ ಹೊರವಲಯದಲ್ಲಿ ಗ್ಯಾರೇಜು ಇಟ್ಟಿರುವ ಪ್ರಸಾದನಿಗೆ ಫೋನು ಮಾಡಿದರು. ಕಾರುಗಳನ್ನು ಹೊತ್ತು ತರುವ ಲಾರಿ ಬೇರೆ ಕಡೆ ಹೋಗಿದೆ, ಇವತ್ತು ಸಿಗಲ್ಲ, ಯಾವುದಾದರೂ ಗಾಡಿಗೆ ಕಟ್ಟಿ ನಿಧಾನವಾಗಿ ಎಳೆಸಿಕೊಂಡು ಬನ್ನಿ ಅಂದ ಪ್ರಸಾದ. ಆಮೇಲೂ ಇನ್ನೇನೇನೋ ಹೇಳುತ್ತಿದ್ದ. ಆಚಾರ್ಯರು ಹ್ಞೂ, ಆಯ್ತಪ್ಪ, ಆಯ್ತು ಅನ್ನುತ್ತ ಸೊಂಟ ಸವರಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ತಿಮ್ಮಯ್ಯನ ಟ್ರಾಕ್ಟರು ಬಂತು. ಮಗಳ ಮದುವೆಯ ಚಪ್ಪರದ ಪೂಜೆ ಮಾಡಿಸಿದ್ದ ಅಯ್ನೋರನ್ನು ನಡುದಾರಿಯಲ್ಲಿ ಕಂಡು ಅವನು ದಡಕ್ಕನೆ ಇಳಿದ.

"ಇದ್ಯಾಕ್ ಅಯ್ನೋರೇ ಇಲ್ಲಿ ನಿಂತಿದ್ದೀರಿ? ಕೆಟ್ಟೋಯ್ತಾ? ಅದ್ಕ್ಯಾಕ್ ಯೋಚ್ನೆ, ನಂತಾವ ನೈಲಾನ್ ಅಗ್ಗ ಅದೆ. ನೀವು ಒಳಗ್ ಕೂತ್ಕೊಳಿ, ನಾನು ಎಳ್ಕಂಡು ಓಯ್ತೀನಿ."

ಆಚಾರ್ಯರು ಡ್ರೈವರ್ ಸೀಟಿನ ಬಾಗಿಲಿಗೆ ಕೈ ಹಾಕಿದರು. ವೆಂಕಟಲಕ್ಷ್ಮಿಯ ಬಾಯಿಂದ ಹಳೆಯ ಪುಸ್ತಕ ತಾನೇ ತಾನಾಗಿ ಹೊರಬಂತು.

"ರೀ, ಎಳೆಸಿಕೊಳ್ಳೋ ಗಾಡೀಲಿ ಸ್ಟೇರಿಂಗ್ ಹಿಡಿದು ಕೂರೋರಿಗೂ ಲೈಸೆನ್ಸ್ ಇರಬೇಕು."

"ಇದೆಯಲ್ಲ."

"ಅರವತ್ತು ತುಂಬಿದಾಗ ರಿನ್ಯೂ ಮಾಡಿಸಬೇಕಿತ್ತು. ಮಾಡಿಸಿದಿರಾ?"

ಆಚಾರ್ಯರು ಹೊಂಗೆ ಮರದ ಕಡೆ ನೋಡಿದರು. ತಿಮ್ಮಯ್ಯ ಹಗ್ಗ ತರುವ ನೆಪದಲ್ಲಿ ಆಚೆ ಹೋದ. "ಕಣ್ಣಿನ ಸರ್ಟಿಫಿಕೇಟ್ ಕೇಳ್ತಾರೆ ಲಕ್ಷ್ಮೀ" ಅಂದರು ಮೆಲ್ಲಗೆ. "ಯಾವ ಡಾಕ್ಟರು ಕೊಡ್ತಾನೆ?"

ಅಂದರೆ ಇಷ್ಟು ತಿಂಗಳು ಕಣ್ಣೂ ಇಲ್ಲ, ಲೈಸೆನ್ಸೂ ಇಲ್ಲ. ಏನಾದರೂ ಆಗಿದ್ದರೆ ಇನ್ಶೂರೆನ್ಸಿನವರು ತಿರುಗಿಯೂ ನೋಡುತ್ತಿರಲಿಲ್ಲ. ಹೋದ ಜೀವಕ್ಕೆ ಈ ಮನೆಯೇ ಉತ್ತರ ಹೇಳಬೇಕಿತ್ತು. ವೆಂಕಟಲಕ್ಷ್ಮಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಏರಿದ ಜಾಗದಲ್ಲಿ ಭಯಕ್ಕೆ ಕೂರಲು ತಾವಿರಲಿಲ್ಲ.

"ಆ ಕಡೆ ಬನ್ನಿ. ನಾನು ಕೂರ್ತೀನಿ."

"ನೀನಾ? ಬಾಳೆಹಣ್ಣು ಮರೆತುಹೋಯ್ತಾ?"

"ಮರೆತಿಲ್ಲ. ಎಂಜಿನ್ನೇ ಇಲ್ಲದ ಗಾಡಿ ಇದು, ಆಕ್ಸಿಲರೇಟರ್ ಒತ್ತಿದರೂ ಏನೂ ಆಗಲ್ಲ. ನನಗೆ ಹೇಳಿ ಮಾಡಿಸಿದ ಗಾಡಿ."

ಎಷ್ಟೋ ವರ್ಷ ಸುಮ್ಮನೆ ಮಲಗಿದ್ದ ಪುಸ್ತಕ ಆಮೇಲೆ ಪೂರ್ತಿ ಎದ್ದುಕೂತಿತು. ತಿಮ್ಮಯ್ಯ ಹಗ್ಗವನ್ನು ಬಾವಿಗೆ ಬಿಡುವಷ್ಟು ಉದ್ದ ಬಿಟ್ಟಿದ್ದ. ಎರಡು ಗಾಡಿಗಳ ನಡುವೆ ಐದು ಮೀಟರ್ ಮೀರಬಾರದು ಎಂದು ಅವಳು ಅದನ್ನು ಜೋಡಿ ಮಡಿಕೆ ಹಾಕಿಸಿದಳು. ಬೈಕಿನವರು ಕಾಣದೆ ನಡುವೆ ನುಗ್ಗಿಯಾರೆಂದು ಹಗ್ಗದ ಮಧ್ಯಕ್ಕೆ ಕೆಂಪು ರವಿಕೆ ಕಣ ಕಟ್ಟಿದಳು. ಕಾರಿನ ಬೆನ್ನಿಗೆ ಬಿಳಿಯ ಮೇಲೆ ಕಪ್ಪಕ್ಷರದ ಬೋರ್ಡು ಬೇಕಲ್ಲ? ಬಿಳಿಗೆ ಆಚಾರ್ಯರ ಒಗೆದ ಪಂಚೆ ಇತ್ತು. ಕಪ್ಪಿಗೆ ಏನು? ಪೂಜೆ ಸಾಮಾನಿನ ಬುಟ್ಟಿಯಲ್ಲಿ ಎಲೆ ಮುಚ್ಚಿಟ್ಟ ಹೋಮದ ರಕ್ಷೆ ಇತ್ತು, ತುಪ್ಪ ಬೆರೆತ ಕಪ್ಪು ಭಸ್ಮ. ಮಂಡಲ ಬರೆಯುವುದರಲ್ಲಿ ವೆಂಕಟಲಕ್ಷ್ಮಿ ಎತ್ತಿದ ಕೈ. ಬೆರಳಲ್ಲಿ ರಕ್ಷೆ ತೆಗೆದು, ಪಂಚೆಯ ಮೇಲೆ ಇಂಗ್ಲಿಷಿನಲ್ಲಿ 'ಆನ್ ಟೋ' ಎಂದು ಗೇಣುದ್ದ ಬರೆದು, ಕೆಳಗೆ ಕನ್ನಡದಲ್ಲಿ 'ಎಳೆದೊಯ್ಯುತ್ತಿರುವ ಗಾಡಿ' ಎಂದು ಸೇರಿಸಿ ಹಿಂದಿನ ಗಾಜಿಗೆ ಕಟ್ಟಿದಳು.

ಹಾರನ್ ಇಲ್ಲದ್ದಕ್ಕೆ ಅದೇ ಬುಟ್ಟಿಯಿಂದ ಜಾಗಟೆ ಹೊರಗೆ ಬಂತು. ನಿಲ್ಲಿಸಬೇಕಾದಾಗ ಆಚಾರ್ಯರು ಜಾಗಟೆ ಬಾರಿಸುವುದು, ತಿಮ್ಮಯ್ಯ ನಿಲ್ಲಿಸುವುದು.

"ಆಗ್ಲಿ ಕಣ್ರವ್ವಾ, ನಂಗೆ ಕಿವಿ ಚೆನ್ನಾಗದೆ" ಅಂದ ತಿಮ್ಮಯ್ಯ.

"ನಿಧಾನ ಕಣಪ್ಪ ತಿಮ್ಮಯ್ಯ. ಎತ್ತಿನ ಗಾಡಿ ಹೊಡೆದ ಹಾಗೆ ಹೋಗು, ಟ್ರಾಕ್ಟರು ಅನ್ನೋದನ್ನೇ ಮರೆತುಬಿಡು."

ಹೊರಟರು. ಹಗ್ಗ ಬಿಗಿಯಾಗಿ ಕಾರು ಮೆಲ್ಲಗೆ ಉರುಳಿತು. ಎಂಜಿನ್ ಸತ್ತ ಗಾಡಿಯ ಬ್ರೇಕು ಕಲ್ಲಿನಂತಿತ್ತು. ಬಲಗಾಲಲ್ಲಿ ಒತ್ತಿದರೆ ಸುಲಭಕ್ಕೆ ಕೇಳುತ್ತಿರಲಿಲ್ಲ. ಆದರೂ ನೇರ ರಸ್ತೆ, ಎರಡೂ ಕಡೆ ಭತ್ತದ ಗದ್ದೆ, ಹಗ್ಗದ ಮೇಲೆ ಕೆಂಪು ಬಟ್ಟೆ ಪಟಪಟ ಅನ್ನುತ್ತಿತ್ತು. ಪಕ್ಕದಲ್ಲಿ ಆಚಾರ್ಯರು ಜಾಗಟೆ ಹಿಡಿದು, ಮುಖ ಊದಿಸಿಕೊಂಡು ಕೂತಿದ್ದರು.

ಸ್ವಲ್ಪ ದೂರ ಹೋದ ಮೇಲೆ ನಾಲೆಯ ಪಕ್ಕ ಎಡಕ್ಕೊಂದು ತಿರುವು ಬಂತು. ತಿರುವಿನಲ್ಲಿ ಬೇವಿನ ಮರ, ಅದರ ಬುಡದಲ್ಲಿ ಮಾರಮ್ಮನ ಪುಟ್ಟ ಗುಡಿ. ಟ್ರಾಕ್ಟರು ಎಡಕ್ಕೆ ತಿರುಗಿತು. ವೆಂಕಟಲಕ್ಷ್ಮಿ ಸ್ಟೇರಿಂಗ್ ತಿರುಗಿಸಹೋದಳು. ಟಕ್ ಎಂದು ಸದ್ದಾಯಿತು. ಅಷ್ಟೇ, ಸ್ಟೇರಿಂಗು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

"ರೀ, ಸಿಕ್ಕಿಹಾಕ್ಕೊಂಡಿದೆ! ಬಾರಿಸಿ!"

ಆಚಾರ್ಯರು ಮಹಾಮಂಗಳಾರತಿಗೂ ಬಾರಿಸದ ಜೋರಿನಲ್ಲಿ ಬಾರಿಸಿದರು. ತಿಮ್ಮಯ್ಯನಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೆ ಬೇವಿನ ಮರದ ಕೆಳಗೆ ಮಾರಮ್ಮ ಇದ್ದಾಳೆ, ಕಿವಿಗೆ ಜಾಗಟೆ ಬಿದ್ದಿದೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ ಎಲ್ಲಿ ಹೋಗುತ್ತದೆ? ಅವನು ಚಪ್ಪಲಿಯಿಂದ ಕಾಲು ಬಿಡಿಸಿಕೊಂಡು, ಒಂದು ಕೈಯನ್ನು ಎದೆಗೂ ಹಣೆಗೂ ಮುಟ್ಟಿಸಿ, ಭಕ್ತಿಯಿಂದ ತಲೆ ಬಾಗಿಸಿ ಮುಂದೆ ಸಾಗಿದ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗಾದೆಯನ್ನು ಯಾರೋ ಈ ತಿರುವಿನಲ್ಲಿ ನಿಂತೇ ಕಟ್ಟಿರಬೇಕು. ಟ್ರಾಕ್ಟರು ರಸ್ತೆ ಹಿಡಿದು ಹೋಗುತ್ತಿತ್ತು, ಕಾರು ನೆಟ್ಟಗೆ ನಾಲೆಗೆ ಹೋಗುತ್ತಿತ್ತು. ವೆಂಕಟಲಕ್ಷ್ಮಿ ಯೋಚನೆ ಮಾಡಲಿಲ್ಲ. ಎರಡೂ ಕಾಲನ್ನು ಬ್ರೇಕಿನ ಮೇಲಿಟ್ಟು ಸೀಟಿನಿಂದ ಅರ್ಧ ಎದ್ದು ನಿಂತಳು, ಎಡಗೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಳು. ಟೈರು ಕಿರುಚಿತು, ಹಗ್ಗ ತಂತಿಯಂತೆ ಬಿಗಿಯಿತು, ಟ್ರಾಕ್ಟರು ಕಪ್ಪು ಹೊಗೆ ಉಗುಳಿ ತಿಣುಕಿತು. ಆಗ ತಿಮ್ಮಯ್ಯ ತಿರುಗಿ ನೋಡಿದ.

ಎಲ್ಲ ನಿಂತಾಗ ಕಾರಿನ ಮುಂದಿನ ಚಕ್ರ ನಾಲೆಯ ಅಂಚಿನ ಕಲ್ಲಿಗೆ ತಾಗಿಕೊಂಡಿತ್ತು. ಕೆಳಗೆ ನೀರು ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

ತಿಮ್ಮಯ್ಯ ಬರಿಗಾಲಲ್ಲೇ ಓಡಿಬಂದ. "ಅಯ್ಯೋ, ನನ್ ಕೈ ಸೇದೋಗ! ಜಾಗಟೆ ಕೇಳ್ತು ಕಣ್ರವ್ವಾ, ಮಾರವ್ವಂಗೆ ಮಂಗ್ಳಾರ್ತಿ ಆಯ್ತಾ ಅದೆ ಅನ್ಕಂಡು ಕೈ ಮುಗ್ದ್‌ಬುಟ್ಟೆ!"

ವೆಂಕಟಲಕ್ಷ್ಮಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಅವಳಜ್ಜಿ ಹೇಳುತ್ತಿದ್ದರು. ಅವತ್ತು ಆ ಕಾರಿನಲ್ಲಿದ್ದ ಇಬ್ಬರಿಗೂ ಸೇರಿ ಎರಡು ಸಾವಿರ ವರ್ಷ ಸಿಕ್ಕಿತ್ತು. ಕಾಲುಗಳು ಇನ್ನೂ ಬ್ರೇಕಿನ ಮೇಲೇ ಇದ್ದವು. ಅವು ಬ್ರೇಕಿನ ಮೇಲೇ ಇದ್ದವು ಎಂಬುದು ಅವಳಿಗೆ ನಿಧಾನವಾಗಿ ತಿಳಿಯಿತು. ಬಾಳೆಹಣ್ಣಿನ ದಿನ ತಪ್ಪಿದ್ದ ಕಾಲು ಇವತ್ತು ತಪ್ಪಿರಲಿಲ್ಲ.

ಆಮೇಲೆ ಬಗ್ಗಿ ನೋಡಿದಳು. ಕೀ ಹಾಕುವ ತೂತು ಖಾಲಿ ಇತ್ತು.

"ಕೀ ಎಲ್ಲಿ ರೀ?"

ಆಚಾರ್ಯರು ಜಾಗಟೆಯನ್ನು ತೊಡೆಯ ಮೇಲಿಟ್ಟರು. ಸೊಂಟದ ಮಡಿಕೆ ಬಿಚ್ಚಿ ಕೀ ತೆಗೆದರು.

"ಪ್ರಸಾದ ಫೋನಲ್ಲೇ ಹೇಳಿದ್ದ" ಅಂದರು. "ಕೀ ಹಾಕಿ ತಿರುಗಿಸಿಡಿ, ಇಲ್ಲದಿದ್ರೆ ಸ್ಟೇರಿಂಗ್ ಲಾಕ್ ಆಗುತ್ತೆ ಅಂತ. ನಾನು ಸರಿಯಾಗಿ ಕಿವಿಗೆ ಹಾಕ್ಕೊಳ್ಳಲಿಲ್ಲ. ಸತ್ತ ಗಾಡಿಗೆ ಕೀ ಯಾಕೆ ಅಂದುಕೊಂಡೆ. ಅದೂ ಸುಳ್ಳು ಲಕ್ಷ್ಮೀ. ಕೊಡೋಕೆ ಮನಸ್ಸು ಬರಲಿಲ್ಲ. ಇವತ್ತು ಕೊಟ್ಟರೆ ಇನ್ನು ವಾಪಸ್ ಬರಲ್ಲ ಅನ್ನಿಸ್ತು. ನಿನ್ನ ನಾಲೆಗೆ ಹಾಕಿಬಿಡ್ತಿದ್ದೆನಲ್ಲೇ."

ಬೈಯಲು ಅವಳ ಬಳಿ ಒಂದು ವರ್ಷದ ಮಾತು ಕೂಡಿಬಿದ್ದಿತ್ತು. ಅವರ ಮುಖ ನೋಡಿದ ಮೇಲೆ ಒಂದೂ ಬೇಕೆನ್ನಿಸಲಿಲ್ಲ. ಕೈ ಚಾಚಿದಳು. ಅವರು ಕೀ ಇಟ್ಟರು. ಅದು ಅವರ ಮೈಯ ಬಿಸಿಗೆ ಬೆಚ್ಚಗಿತ್ತು.

ಕೀ ಹಾಕಿ, ತಿರುಗಿಸಿ, ಸ್ಟೇರಿಂಗನ್ನು ಅತ್ತಿತ್ತ ಅಲುಗಿಸಿದಾಗ ಲಾಕು ಬಿಟ್ಟುಕೊಂಡಿತು. ತಿಮ್ಮಯ್ಯನೂ ಆಚಾರ್ಯರೂ ಹಿಂದಕ್ಕೆ ತಳ್ಳಿ ಕಾರನ್ನು ರಸ್ತೆಗೆ ತಂದರು. ಹೊರಡುವ ಮುಂಚೆ ತಿಮ್ಮಯ್ಯ, "ಇನ್ ದಾರೀಲಿ ಯಾವ್ ಗುಡಿ ಬಂದ್ರೂ ನಾನು ಕೈ ಮುಗ್ಯಾಕಿಲ್ಲ, ತಾಯಾಣೆ. ನಾಳೀಕ್ ಬಂದು ಎಲ್ಲಾರ್ಗೂ ಒಟ್ಗೆ ಮುಗೀತೀನಿ" ಎಂದು ಮಾತು ಕೊಟ್ಟ.

ಅಲ್ಲಿಂದ ಮುಂದಿನ ದಾರಿಯನ್ನು ವೆಂಕಟಲಕ್ಷ್ಮಿ ಹೇಗೆ ದಾಟಿದಳೆಂದು ಅವಳನ್ನು ಕೇಳಿದರೆ, ಬಾಯಿಂದ ದಾಟಿದೆ ಅನ್ನುತ್ತಾಳೆ. "ಮುಂದೆ ಹಂಪ್" ಅಂತು ಅವಳ ಬಾಯಿ, ರೂಢಿಯಂತೆ. ಅವಳದೇ ಕಾಲು ಕೇಳಿಸಿಕೊಂಡು ಬ್ರೇಕ್ ಒತ್ತಿತು. "ಎಡಗಡೆ ಎಮ್ಮೆ" ಅಂತು ಬಾಯಿ. ಅವಳದೇ ಕೈ ಸ್ಟೇರಿಂಗನ್ನು ಅಷ್ಟೇ ಅಷ್ಟು ಬಲಕ್ಕೆ ತಂದಿತು. ಹೇಳುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಬ್ಬರು ಇಲ್ಲದಿದ್ದರೆ ಎಷ್ಟು ಸಲೀಸು! ಒಂದು ವರ್ಷದಿಂದ ಈ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದವಳು ತಾನೇ ಅಲ್ಲವೇ ಎಂದು ಅವಳಿಗೆ ಅನ್ನಿಸಿತು. ಹಾಗನ್ನಿಸಿದ್ದೇ ತಡ, ಎದೆಯ ಮೇಲಿದ್ದ ಕಲ್ಲೊಂದನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ಇಳಿಜಾರಿನಲ್ಲಿ ಹಗ್ಗ ಸಡಿಲವಾಗದಂತೆ ತಾನೇ ಬ್ರೇಕ್ ಹಿಡಿಯುತ್ತ ಹೋಗಬೇಕೆಂಬುದೂ ಅವಳಿಗೆ ಕಾಲಿನಲ್ಲೇ ತಿಳಿಯಿತು. ಅದು ಪುಸ್ತಕದಲ್ಲಿ ಇರಲಿಲ್ಲ.

ನಂಜನಗೂಡು ಹತ್ತಿರವಾದಾಗ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಈ ಸಲ ಜಾಗಟೆ ಬಾರಿಸಿದ ಕೂಡಲೇ ತಿಮ್ಮಯ್ಯ ನಿಂತ. ಪೊಲೀಸಿನವರು ಹಗ್ಗ ನೋಡಿದರು, ಕೆಂಪು ಬಟ್ಟೆ ನೋಡಿದರು, ಆಚಾರ್ಯರ ಕಡೆ ಬಗ್ಗಿದರು.

"ಹಿಂದಿನ ಗಾಡಿ ಯಾರು ಓಡಿಸ್ತಿರೋದು ಸ್ವಾಮಿ? ಲೈಸೆನ್ಸ್ ಇದೆಯಾ?"

"ನಾನು ಸರ್" ಅಂದಳು ವೆಂಕಟಲಕ್ಷ್ಮಿ. ಬ್ಯಾಂಕಿಗೂ ಸಿಮ್ ಕಾರ್ಡಿನ ಅಂಗಡಿಗೂ ಹೋಗಿ ಹೋಗಿ ಮೂಲೆ ಸವೆದಿದ್ದ ಲೈಸೆನ್ಸು ಮೊಟ್ಟಮೊದಲ ಸಲ ತನ್ನ ಸ್ವಂತ ಕೆಲಸಕ್ಕೆ ಹೊರಗೆ ಬಂತು. ಅವರು ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಹಿಂದೆ ಹೋಗಿ ಪಂಚೆಯ ಬೋರ್ಡು ಓದಿದರು.

"ಏನಮ್ಮ ಇದು, ಮಸೀಲಿ ಬರೆದಿದೀರಾ?"

"ಹೋಮದ ರಕ್ಷೆ ಸರ್."

ಪೊಲೀಸಿನವರು ಆಚೀಚೆ ನೋಡಿ, ಕೊನೆಯ ಅಕ್ಷರದಿಂದ ಬೆರಳ ತುದಿಯಷ್ಟು ತೆಗೆದು ಹಣೆಗಿಟ್ಟುಕೊಂಡು, ಹೋಗಿ ಎಂದು ಕೈ ಬೀಸಿದರು. ಆಚಾರ್ಯರು ಬಿಟ್ಟ ಉಸಿರು ಹಿಂದಿನ ಸೀಟಿನವರೆಗೂ ಕೇಳಿಸುವಂತಿತ್ತು.

ಗ್ಯಾರೇಜಿನಲ್ಲಿ ಪ್ರಸಾದ ಹಗ್ಗ ಬಿಚ್ಚಿದ. ಪಂಚೆ, ರವಿಕೆ ಕಣ, ಜಾಗಟೆ ಎಲ್ಲವನ್ನೂ ನೋಡಿ ಏನು ಕೇಳಬೇಕೋ ತಿಳಿಯದೆ, ಗೊತ್ತಿದ್ದ ಒಂದೇ ಪ್ರಶ್ನೆ ಕೇಳಿದ.

"ಆಚಾರ್ರೇ, ಕೀ ಕೊಡಿ."

ಆಚಾರ್ಯರ ಕೈ ರೂಢಿಯಂತೆ ಸೊಂಟಕ್ಕೆ ಹೋಯಿತು. ಅಲ್ಲಿ ತಡವಿತು. ಒಂದು ಗಳಿಗೆ ಅಲ್ಲೇ ನಿಂತು, ಬರಿದಾಗಿ ಕೆಳಗಿಳಿಯಿತು.

"ಅವಳ ಹತ್ರ ಇದೆ" ಅಂದರು. "ಇನ್ನು ಮೇಲೆ ಅವಳನ್ನೇ ಕೇಳು."

ಆಮೇಲೆ ವೆಂಕಟಲಕ್ಷ್ಮಿ ಸುಮ್ಮನೆ ಗಾಡಿ ಹತ್ತಿಬಿಡಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಮತ್ತೆ ಸೇರಿ, ಬೆಳಗಿನ ಹೊತ್ತು ಖಾಲಿ ರಸ್ತೆಯಲ್ಲಿ ಕೈ ಪಳಗಿಸಿಕೊಂಡಳು. ಬಜಾರಿನಲ್ಲಿ ಅವಳ ಕಾರು ಕಂಡರೆ ಬಾಳೆಹಣ್ಣಿನವರು ಮೊದಮೊದಲು ಗಾಡಿ ಪಕ್ಕಕ್ಕೆ ತಳ್ಳಿಕೊಳ್ಳುತ್ತಿದ್ದರು, ಆಮೇಲಾಮೇಲೆ ಬಿಟ್ಟರು.

ತಿ. ನರಸೀಪುರದ ಕಡೆಯಿಂದ ಮತ್ತೊಂದು ಮುಹೂರ್ತಕ್ಕೆ ಕರೆ ಬಂದಾಗ ಅವಳೇ ಕರೆದುಕೊಂಡು ಹೋದಳು. ಬೆಳಗು ಆಗತಾನೇ ಹರಿಯುತ್ತಿತ್ತು. ಆಚಾರ್ಯರು ಅವಳ ಹಳೆಯ ಸೀಟಿನಲ್ಲಿ ಕೂತು, ಊರು ದಾಟುವವರೆಗೂ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಲೇ ಇದ್ದರು. ನಾಲೆಯ ತಿರುವು, ಬೇವಿನ ಮರ ಬಂತು. ಅವಳು ಸಲೀಸಾಗಿ ಬಲಕ್ಕೆ ತಿರುಗಿಸಿ, ಮನಸ್ಸಿನಲ್ಲೇ ಮಾರಮ್ಮನಿಗೆ ಕೈ ಮುಗಿದಳು. ಕೈ ಸ್ಟೇರಿಂಗಿನ ಮೇಲೇ ಇತ್ತು. ಪಕ್ಕದಿಂದ ಏನೋ ಸದ್ದು ಬಂತು. ನೋಡಿದರೆ ಆಚಾರ್ಯರು ಬಾಯಿ ಅರೆ ತೆರೆದು ಗೊರಕೆ ಹೊಡೆಯುತ್ತಿದ್ದರು. ಆ ಸೀಟಿನಲ್ಲಿ ಅವಳು ಒಂದು ಸಲವೂ ಕಣ್ಣು ಮುಚ್ಚಿರಲಿಲ್ಲ.

ಗಾಡಿ ಸಣ್ಣಗೆ ಎದ್ದು ಕೂತಿತು. ಆಚಾರ್ಯರು ಕಣ್ಣು ಬಿಡದೆಯೇ ಕೇಳಿದರು.

"ಹಂಪ್ ಬಂತೇನೇ ಲಕ್ಷ್ಮೀ?"

"ಬಂತು, ಹೋಯ್ತು. ನೀವು ಮಲಗಿ."

ಅವರು ಮಲಗಿದರು.